ಗುಳಿಗಿ ಒಂದೇ, ಚೀಟಿ ಮ್ಯಾಲ 0.05, ಪಟ್ಟಿ ಮ್ಯಾಲ 50! ಮಿಲಿ, ಮೈಕ್ರೊ ನಮ್ಮ ಮಂದಿಗಿ ಯಾಕ ಹತ್ತಂಗಿಲ್ಲ?

ಗಂಜ್ ಮಗಳು, ಕಲಬುರಗಿ

ಎಲ್ಲಾರಿಗಿ ಶರಣು. ಒಂದು ವಾರದಿಂದ ತಲ್ಯಾಗ ಕೊರೀಲಾಕತ್ತದ, ಇಲ್ಲಿ ಕೇಳಿಬಿಡ್ತೀನಿ.

ನಮ್ಮ ಅಪ್ಪಾಜಿ ನಲವತ್ತು ವರ್ಷ ಗಂಜಿನಾಗ ಅಡತಿ ಅಂಗಡಿ ನಡಸ್ಯಾರ. ತೊಗರಿ ಎಷ್ಟು ಚೀಲ, ಎಷ್ಟು ಕ್ವಿಂಟಲ್, ಹಮಾಲಿ ಕಳದು, ಕಮಿಷನ್ ಕಳದು ರೈತನ ಕೈಗಿ ಎಷ್ಟು, ಎಲ್ಲಾ ಬಾಯಿಲೆಕ್ಕ. ನಾ ಮೊಬೈಲ್ ತಗದು ಒತ್ತೋದ್ರಾಗ ಅವರ ಉತ್ತರ ಬಂದಿರ್ತದ.

ಅವರಿಗಿ ಥೈರಾಯ್ಡ್ ಅದ. ಹಳೇ ಡಾಕ್ಟರ್ ಚೀಟಿ ಮ್ಯಾಲ 0.05 ಎಂಜಿ ಅಂತ ಬರೀತಿದ್ರು. ಗುಳಿಗಿ ಪಟ್ಟಿಯಿಂದ ಬಿಡಿಸಿ ಡಬ್ಬಿಗಿ ಹಾಕಿ ಇಡೋದು ನನ್ನ ಕೆಲಸ, ಅವರು ಪಟ್ಟಿ ನೋಡಿದ್ದೇ ಇಲ್ಲ. ಹೋದ ತಿಂಗಳು ಡಾಕ್ಟರ್ ಬದಲಾದ್ರು. ಹೊಸ ಚೀಟಿ ಮ್ಯಾಲ 50 ಎಂಸಿಜಿ, ಅಂದ್ರ ಮೈಕ್ರೊಗ್ರಾಂ. ನಾ ತವರಿನಾಗ ಇರ್ಲಿಲ್ಲ, ಪಟ್ಟಿ ಸೀದಾ ಅವರ ಕೈಗೇ ಹೋಯ್ತು. ಅದರ ಮ್ಯಾಲೂ 50. ಡೋಸ್ ಸಾವಿರ ಪಟ್ಟು ಏರಿಸ್ಯಾರ ಅಂತ ತಿಳಕೊಂಡು, ನಮಗ ಯಾರಿಗೂ ಹೇಳದೆ ಎಂಟು ದಿನ ಗುಳಿಗಿ ತಲಿದಿಂಬಿನ ಕೆಳಗ ಇಟ್ಟಾರ. ನಾ ಬಂದು ಎಣಿಸಿದ ಮ್ಯಾಲ ಗೊತ್ತಾಯ್ತು.

ಎರಡೂ ಒಂದೇ ಅಪ್ಪಾಜಿ ಅಂದ್ರ, "ಎಲ್ಲಿ ಸೊನ್ನಿ ಪಾಯಿಂಟ್ ಸೊನ್ನಿ ಐದು, ಎಲ್ಲಿ ಐವತ್ತು? ನನಗ ಲೆಕ್ಕ ಕಲಸ್ತಿಯೇನು?" ಅಂತ ಸಿಟ್ಟಿಗೆದ್ರು. ಎಂಸಿಜಿ ಬ್ಯಾರೆ, ಎಂಜಿ ಬ್ಯಾರೆ ಅಂದೆ. "ನಡುವ ಸಿ ಅದ, ಸಿ ಅಂದ್ರ ಸೆಂಟಿ" ಅಂದ್ರು! ಅವರ ಮಾತಿನಾಗ ಒಂದು ತರ್ಕ ಅದ, ಅದೇ ನನಗ ಹೆದರಿಕಿ.

ಲೆಕ್ಕ ಬರದವರಲ್ಲ ಅವರು. ಇಂಥಾ ಮನುಷ್ಯಾಗೂ ಈ ಮಿಲಿ, ಮೈಕ್ರೊ ಯಾಕ ಹತ್ತಂಗಿಲ್ಲ? ನಿಮ್ಮ ಮನ್ಯಾಗೂ ಹಿಂಗ ಆಗ್ಯದೇನು? ಅವರಿಗಿ ತಿಳಿಯೋ ಹಂಗ ಹೆಂಗ ಹೇಳಲಿ?

ಮೆಡಿಕಲ್ ಅಂಗಡಿಯವ

ಅಕ್ಕಾವ್ರೆ, ಮೊದಲು ಮುಖ್ಯದ್ದು. 1 ಮಿಲಿಗ್ರಾಂ ಅಂದ್ರ 1000 ಮೈಕ್ರೊಗ್ರಾಂ. 0.05ಕ್ಕ ಸಾವಿರದಿಂದ ಗುಣಿಸ್ರಿ, 50. ಡೋಸ್ ಒಂದು ಕೂದಲಷ್ಟೂ ಬದಲಾಗಿಲ್ಲ. ಎಂಟು ದಿನ ಬಿಟ್ಟದ್ದು ಡಾಕ್ಟರಿಗಿ ಇವತ್ತೇ ಫೋನ್ ಮಾಡಿ ಹೇಳ್ರಿ. ಬಿಟ್ಟದ್ದೆಲ್ಲಾ ಒಮ್ಮೆಲೇ ನುಂಗಲಾಕ ಮಾತ್ರ ಬಿಡಬ್ಯಾಡ್ರಿ, ಹಂಗ ಮಾಡಿದವರನ್ನೂ ನೋಡೀನಿ.

ಆ ಎಂಸಿಜಿ ಕಥಿ ಹೇಳ್ತೀನಿ. ಮೈಕ್ರೊಕ್ಕ ಖರೇ ಗುರ್ತು ಗ್ರೀಕ್ ಅಕ್ಷರ 'ಮ್ಯೂ'. ಗಡಿಬಿಡಿಯಾಗ ಕೈಲೆ ಬರದ್ರ ಅದು ಎಂ ಥರಾನೇ ಕಾಣ್ತದ. ಮೈಕ್ರೊ ಹೋಗಿ ಮಿಲಿ ಆದ್ರ ಸಾವಿರ ಪಟ್ಟು ತಪ್ಪು. ಅದಕ್ಕೇ ಔಷಧದಾಗ ಎಂಸಿಜಿ ಅಂತ ಬರೀರಿ ಅಂತಾರ. ಒಂದು ತಪ್ಪು ತಪ್ಪಿಸಲಾಕ ಸಿ ಹಾಕಿದ್ರು, ಅದು ನಿಮ್ಮ ಅಪ್ಪಾಜಿಗಿ ಸೆಂಟಿ ಆಗಿ ಕಾಣ್ತು.

ಭೀಮಾ ದಂಡಿ

ನಮ್ಮ ಅವ್ವಗೂ ಹಿಂಗೇ ಆಗಿತ್ತು. ಅಕಿ ಅರ್ಧಾ ಮುರದು ತಗೋತಿದ್ಳು.

ಯಾದಗಿರಿ ಮಾಸ್ತರ

ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಒಮ್ಮೆ ಆರನೇ ತರಗತಿಯ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಒಂದು ಕಿಲೋಮೀಟರಿಗಿ ಎಷ್ಟು ಕಿಲೋ?" ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಊರಲ್ಲಿ 'ಕಿಲೋ' ಅಂದರೆ ತೂಕ. ಎರಡು ಕಿಲೋ ಬೆಂಡಿಕಾಯಿ, ಹತ್ತು ಕಿಲೋ ಜೋಳ. 'ಗ್ರಾಂ' ಅನ್ನೋ ಪದವನ್ನು ನಾವು ಯಾವತ್ತೋ ಉದುರಿಸಿಬಿಟ್ಟೆವು. ಕಿಲೋ ಅಂದರೆ 'ಸಾವಿರ' ಅಂತ ಆ ಹುಡುಗಿಗೆ ಯಾರು ಹೇಳಿದ್ದಾರೆ? ಮುಂದೆ ಬಂದು ಅಂಟಿಕೊಳ್ಳಬೇಕಾದ ಪದ ನಮ್ಮ ಬಾಯಲ್ಲಿ ತಾನೇ ಅಳತೆ ಆಗಿ ಕೂತಿದೆ. ಹಾಗಾಗಿ ಕಿಲೋಮೀಟರ್, ಕಿಲೋವ್ಯಾಟ್ ಎಲ್ಲಾ ಒಂದಕ್ಕೊಂದು ಸಂಬಂಧವಿಲ್ಲದ ಹೆಸರುಗಳು.

ಎರಡನೆಯದು ನಾವು ಕಲಿಸುವ ರೀತಿ. ಕಿಲೋ, ಹೆಕ್ಟೋ, ಡೆಕಾ, ಮೀಟರ್, ಡೆಸಿ, ಸೆಂಟಿ, ಮಿಲಿ ಅಂತ ಮಂತ್ರದ ಹಾಗೆ ಬಾಯಿಪಾಠ. ಈ ಏಳರಲ್ಲಿ ಹೆಕ್ಟೋಮೀಟರ್, ಡೆಕಾಮೀಟರ್ ಯಾರ ಮನೆಯಲ್ಲಿ ಬಳಸುತ್ತಾರೆ? ಡೆಕಾ, ಡೆಸಿ ಎರಡೂ 'ಡೆ'; ಪರೀಕ್ಷೆಯಲ್ಲಿ ಅದಲು ಬದಲು. ಬದುಕಲ್ಲಿ ನಿಜಕ್ಕೂ ಬೇಕಾದ ಮೈಕ್ರೊ, ಮೆಗಾ ಆ ಮಂತ್ರದಲ್ಲೇ ಇಲ್ಲ.

ಆ ವರ್ಷದಿಂದ ನಾನು ರಟ್ಟಿನಲ್ಲಿ ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಡಬ್ಬಿ ಮಾಡಿಸುತ್ತೇನೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಬಾಟಲಿ ನೀರು ಸುರಿದರೆ ಸರಿಯಾಗಿ ಒಂದು ಲೀಟರ್. ತಕ್ಕಡಿಗಿಟ್ಟರೆ ನೀರು ಒಂದು ಕಿಲೋಗ್ರಾಂ. ಉದ್ದ, ಹಿಡಿಯುವಷ್ಟು, ತೂಕ ಮೂರೂ ಒಂದೇ ಡಬ್ಬಿಯಲ್ಲಿ. ಮಕ್ಕಳ ಕಣ್ಣು ಅರಳೋದು ಆಗ.

ಸೇಡಂ ಸೈಟ್ ಇಂಜಿನಿಯರ್

ಮಾಸ್ತರ್ ಹೇಳಿದ್ದು ಖರೇ, ಆದ್ರ ಶಾಲಿ ಒಂದನ್ನೇ ಯಾಕ ಬೈತೀರಿ? ನನ್ನ ಸೈಟಿಗಿ ಬರ್ರಿ.

ನಕಾಶಿ ಮೀಟರ್‌ನಾಗ ಇರ್ತದ. ಗೌಂಡಿ ಫೂಟಿನಾಗ ಮಾತಾಡ್ತಾನ. ಉಸುಕು, ಖಡಿ ಬ್ರಾಸ್‌ನಾಗ ಬರ್ತದ. ಒಂದು ಬ್ರಾಸ್ ಅಂದ್ರ 100 ಘನ ಅಡಿ, ಅಂದಾಜು 2.83 ಘನ ಮೀಟರ್. ಸಿಮೆಂಟ್ 50 ಕಿಲೋ ಚೀಲ. ಶಹಾಬಾದಿ ಪರ್ಸಿ ಚದರ ಅಡಿ ಲೆಕ್ಕ. ರಾಡ್ ಮ್ಯಾಲ 12 ಎಂಎಂ ಅಂತ ಬರದಿರ್ತದ, ಬಾರ್ ಬೆಂಡರ್ ಅದಕ್ಕ "ನಾಕ್ ಸೂತಿನ ರಾಡ್" ಅಂತಾನ. ಒಂದು ಇಂಚಿಗಿ ಎಂಟು ಸೂತು, ನಾಕು ಸೂತು ಅಂದ್ರ ಅರ್ಧ ಇಂಚು, 12.7 ಎಂಎಂ. ಹತ್ತಿರ ಅದ, ಆದ್ರ ಅದೇ ಅಲ್ಲ. ಒಂದು ಮನಿ ಏಳೋದ್ರಾಗ ಐದು ಭಾಷಾ.

ಆದ್ರೂ ಅದೇ ಬಾರ್ ಬೆಂಡರ್‌ಗ ರಾಡಿನ ತೂಕ ಕೇಳ್ರಿ. ಎಂಎಂ ವರ್ಗ ಮಾಡಿ 162ರಿಂದ ಭಾಗಿಸು ಅಂತಾನ. 12 ಹನ್ನೆರಡ್ಲೆ 144, ಭಾಗ 162, ಮೀಟರಿಗಿ 0.89 ಕಿಲೋ. ಸರಿ ಉತ್ತರ! ಆ 162 ಎಲ್ಲಿಂದ ಬಂತು ಅಂತ ಅವಗ ಗೊತ್ತಿಲ್ಲ, ಗೊತ್ತಾಗೋ ಜರೂರೂ ಬಿದ್ದಿಲ್ಲ. ದಿನಾ ಕೈಗಿ ಹತ್ತಿದ್ದು ಬರ್ತದ, ಹತ್ತದಿದ್ದದ್ದು ಬರಲ್ಲ. ಇಷ್ಟೇ ನನ್ನ ಅಭಿಪ್ರಾಯ.

ಹುಮನಾಬಾದ್ ರೋಡ್

ಓದಿದ ಮಂದಿ ಕಮ್ಮಿ ನಮ್ಮ ಕಡಿ. ಕಾರಣ ಅದೇ, ಬ್ಯಾರೆ ಏನ್ ಇಲ್ಲ.

ಗಂಜ್ ಮಗಳು, ಕಲಬುರಗಿ

ಹಂಗ ಅನಬ್ಯಾಡ್ರಿ ಅಣ್ಣಾವ್ರೆ. ನಮ್ಮನಿಯವರು ಎಂಜಿನಿಯರಿಂಗ್ ಓದ್ಯಾರ. ಅಪ್ಪಾಜಿ ಕೇಳಿದಾಗ ಅವರೂ ಎರಡು ನಿಮಿಷ ಮೊಬೈಲ್ ನೋಡಿದ್ರು.

ಔರಾದ್ ಗಡಿ ರೈತ

ಗಡಿ ಮಂದಿ ಪಾಡು ಕೇಳ್ರಿ. ನಮ್ಮ ಕಾಕಾನ ಹೊಲ ಮಹಾರಾಷ್ಟ್ರದ ಕಡಿ ಅದ, ನಮ್ದು ಇಕಡಿ. ನಮ್ಮ ಪಹಣಿಯಾಗ ಎಕರೆ, ಗುಂಟೆ. ಅವರ ಸಾತ್‌ಬಾರಾದಾಗ ಹೆಕ್ಟೇರ್, ಆರ್. ಅಣ್ಣತಮ್ಮರು ಪಾಲು ಮಾಡಿಕೊಳ್ಳಾಕ ಕೂತ್ರು. ಎರಡೂ ಕಾಗದದ ಮ್ಯಾಲ 1-20 ಅಂತಿತ್ತು. ಸಮ ಸಮ ಅದ, ನೀ ಅದು ತಗೋ ನಾ ಇದು ತಗೋತೀನಿ ಅಂತ ಮಾತು ಮುಗದೇ ಹೋಗಿತ್ತು!

ನಮ್ಮ 1-20 ಅಂದ್ರ ಒಂದು ಎಕರೆ ಇಪ್ಪತ್ತು ಗುಂಟೆ, ದೀಡ ಎಕರೆ. ಅವರ 1.20 ಅಂದ್ರ ಒಂದು ಹೆಕ್ಟೇರ್ ಇಪ್ಪತ್ತು ಆರ್, ಮೂರು ಎಕರೆಗಿ ಒಂದೂವರೆ ಗುಂಟೆ ಕಮ್ಮಿ. ಸುಮಾರು ಎರಡು ಪಟ್ಟು. ತಲಾಠಿ ಹತ್ರ ಕೆಲಸ ಮಾಡಿದ ಒಬ್ಬರು ಮಾವ ಇದ್ರು, ಅವರು ಹಿಡದ್ರು. ಇಲ್ಲಂದ್ರ ಇವತ್ತು ಕೋರ್ಟಿನಾಗ ಇರ್ತಿದ್ವಿ.

ಒಂದು ಅನುಕೂಲ ಅದ. ಒಂದು ಗುಂಟೆ ಅಂದ್ರ ಒಂದು ಆರ್, ಎರಡೂ ಒಂದೇ.

ಸೇಡಂ ಸೈಟ್ ಇಂಜಿನಿಯರ್

ಹತ್ತಿರ ಅದ, ಒಂದೇ ಅಲ್ಲ. ಗುಂಟೆ 33 ಅಡಿ ಗುಣಿಸು 33 ಅಡಿ, 1089 ಚದರ ಅಡಿ, 101.17 ಚದರ ಮೀಟರ್. ಆರ್ ಅಂದ್ರ ಸರಿಯಾಗಿ 100 ಚದರ ಮೀಟರ್. ಮನಿ ಮಾತಿಗಿ ನಡೀತದ, ಖರೀದಿ ಪತ್ರಕ್ಕ ನಡಿಯಂಗಿಲ್ಲ.

ಇನ್ನೊಂದು ಎಡವೋ ಜಾಗ ಹೇಳ್ತೀನಿ. 2 ಎಕರೆ 20 ಗುಂಟೆಗಿ ಕ್ಯಾಲ್ಕುಲೇಟರ್‌ನಾಗ 2.20 ಅಂತ ಒತ್ತಬಾರ್ದು. ಎಕರೆಗಿ 40 ಗುಂಟೆ, ಅದು ಎರಡೂವರೆ, 2.5. ರೇಟ್ ಗುಣಿಸೋವಾಗ ಈ ತಪ್ಪಿನಾಗ 12 ಗುಂಟೆ ರೊಕ್ಕ ಹೋಗ್ತದ.

ಯಾದಗಿರಿ ಮಾಸ್ತರ

ಹೆಕ್ಟೇರ್ ಬಂತಲ್ಲ, ಒಂದು ಮಾತು. ಹೆಕ್ಟ್ ಅಂದರೆ ನೂರು, ಆರ್ ಅಂದರೆ ಆರ್. ನೂರು ಆರ್ ಸೇರಿ ಹೆಕ್ಟೇರ್. ಮಕ್ಕಳು ಉಪಯೋಗವಿಲ್ಲ ಅಂತ ಬೈಯುವ 'ಹೆಕ್ಟೋ' ಅವರಪ್ಪನ ಹೊಲದ ಸಬ್ಸಿಡಿ ಅರ್ಜಿಯಲ್ಲೇ ಕೂತಿದೆ. ನಾನು ಮೇಲೆ ಹೆಕ್ಟೋ ಯಾರಿಗೂ ಬೇಡ ಅಂದಿದ್ದು ಸ್ವಲ್ಪ ಅವಸರದ ಮಾತಾಯಿತು.

ಮುತ್ಯಾನ ಮೊಮ್ಮಗ, ಶಹಾಪುರ

ನಮ್ಮ ಮುತ್ಯಾ ಹೇಳ್ತಿದ್ದ ಮಾತು ಬರೀತೀನಿ. ಅವ ಹುಟ್ಟಿದಾಗ ರೊಕ್ಕ ಹಾಲಿ ಸಿಕ್ಕಾ, ನಿಜಾಮಂದು. 1948ರಾಗ ಹೈದರಾಬಾದ್ ಸಂಸ್ಥಾನ ಹೋಯ್ತು. 1956 ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯಕ್ಕ ಬಂದ್ವಿ. ಐದು ತಿಂಗಳಿಗೇ, 1957 ಏಪ್ರಿಲ್ 1ಕ್ಕ, ಹದಿನಾರು ಆಣೆ ಹೋಗಿ ನೂರು ನಯಾ ಪೈಸೆ. 1958 ಅಕ್ಟೋಬರ್‌ನಿಂದ ಸೇರು, ಮಣ ಬಿಟ್ಟು ಕಿಲೋ, ಕ್ವಿಂಟಲ್ ಬರಲಾಕ ಸುರು. ಹತ್ತು ವರ್ಷದಾಗ ರಾಜ, ರಾಜ್ಯ, ರೊಕ್ಕ, ತಕ್ಕಡಿ ನಾಕೂ ಬದಲ್.

ಮುತ್ಯಾ ಶಾಲ್ಯಾಗ ಪಾವಕಿ, ನಿಮಕಿ, ಸವಾಯಕಿ, ದೀಡಕಿ ಅಂತ ಮಗ್ಗಿ ಕಲ್ತಿದ್ದ. ಕಾಲು, ಅರ್ಧ, ಒಂದೂಕಾಲು, ಒಂದೂವರೆ ಮಗ್ಗಿ. ರೂಪಾಯಿಗಿ 16 ಆಣೆ, ಸೇರಿಗಿ 16 ಛಟಾಕು. ಅರ್ಧಾ ಮಾಡು, ಮತ್ತ ಅರ್ಧಾ ಮಾಡು, ಮತ್ತ ಅರ್ಧಾ ಮಾಡು, ಎಲ್ಲೂ ಮುರಿಯಂಗಿಲ್ಲ. ಹತ್ತನ್ನ ಎರಡು ಸಲ ಅರ್ಧಾ ಮಾಡಿದ್ರ ಎರಡೂವರೆ! ಅವಂಗ ಇದು ಸಾಯೋತನ ಸಮಾಧಾನ ಆಗ್ಲಿಲ್ಲ.

ನೋಡ್ರಿ, ನಾವು ಇವತ್ತೂ ಅರ್ಧಾ ಮಾಡೋ ಮಂದೀನೇ. "250 ಗ್ರಾಂ ಕೊಡು" ಅಂತ ಯಾರಂತಾರ? "ಪಾವ್ ಕಿಲೋ ಕೊಡು" ಅಂತೀವಿ. ಪಾವ್ ಅನ್ನೋದು ಸೇರಿನ ಕಾಲುಭಾಗ. ಸೇರು ಹೋಯ್ತು, ಪಾವ್ ಉಳೀತು. ಸೇರು 933 ಗ್ರಾಂ ಇತ್ತು, ಕಿಲೋ ಅದಕ್ಕಿಂತ ಸ್ವಲ್ಪ ಜಾಸ್ತಿ, ಅದಕ್ಕ ಅದೇ ಜಾಗಕ್ಕ ಹೊಂದಿಕೊಂಡು ಕೂತುಬಿಡ್ತು. ಮೆಟ್ರಿಕ್ ಬಂತು ಅಂತೀವಿ, ನನಗ ಅನಸೋದು ಕಲ್ಲು ಬದಲಾಯ್ತು, ತಕ್ಕಡಿ ಹಿಡಿಯೋ ತಲಿ ಬದಲಾಗ್ಲಿಲ್ಲ.

ಹುಮನಾಬಾದ್ ರೋಡ್

ಹಂಗಾದ್ರ ಹಳೇದೇ ಛಲೋ ಇತ್ತಲ್ಲ. ಯಾಕ ಬದಲಿ ಮಾಡ್ಬೇಕಿತ್ತು?

ಮೆಡಿಕಲ್ ಅಂಗಡಿಯವ

ಛಲೋ ಏನಿತ್ತು ಅಣ್ಣ. ಊರಿಗೊಂದು ಸೇರು ಇತ್ತು. ಕಚ್ಚಾ ಸೇರು, ಪಕ್ಕಾ ಸೇರು, ತೂಕದ ಸೇರು ಬ್ಯಾರೆ, ಅಳಿಯೋ ಸೇರು ಬ್ಯಾರೆ. ರೈತ ತರೋವಾಗ ದೊಡ್ಡ ಸೇರು, ಅವಗೇ ಮಾರೋವಾಗ ಸಣ್ಣ ಸೇರು. ಮೋಸ ಹೋದವ ಬಡವ. ಕಿಲೋ ಬೀದರಿನಾಗೂ ಅಷ್ಟೇ, ಪ್ಯಾರಿಸಿನಾಗೂ ಅಷ್ಟೇ. ಈಗ 2009ರ ಕಾನೂನು ಪ್ರಕಾರ ತಕ್ಕಡಿ, ಕಲ್ಲಿಗಿ ಸೀಲ್ ಬೀಳಬೇಕು, ಸೇರಿನಾಗ ವ್ಯಾಪಾರ ಮಾಡಂಗೇ ಇಲ್ಲ.

ಮುತ್ಯಾನ ಮೊಮ್ಮಗ, ಶಹಾಪುರ

ಒಪ್ಪಿದೆ. ಮುತ್ಯಾನೂ ಇದೇ ಮಾತಿಗಿ ಸುಮ್ಮನಾಗ್ತಿದ್ದ.

ಸುರಪುರದವ, ಈಗ ಬೆಂಗಳೂರು

ಯಾರೂ ಹೇಳದ ಒಂದು ಕಾರಣ ನನಗೆ ಕಾಣುತ್ತದೆ: ನಮ್ಮ ಎಣಿಕೆಯ ಹೆಜ್ಜೆಯೇ ಬೇರೆ.

ಸಾವಿರದವರೆಗೆ ನಾವೂ ಅವರೂ ಜೊತೆಗೆ ನಡೆಯುತ್ತೇವೆ. ಆಮೇಲೆ ಮೆಟ್ರಿಕ್ ಸಾವಿರ ಸಾವಿರದ ಹೆಜ್ಜೆ ಹಾಕುತ್ತದೆ: ಕಿಲೋ, ಮೆಗಾ, ಗಿಗಾ, ಟೆರಾ. ನಾವು ನೂರರ ಹೆಜ್ಜೆ ಹಾಕುತ್ತೇವೆ: ಸಾವಿರ, ಲಕ್ಷ, ಕೋಟಿ. ಹೀಗಾಗಿ ಕಿಲೋಗೆ ಮಾತ್ರ ಕನ್ನಡದಲ್ಲಿ ಒಂದೇ ಪದ ಇದೆ, ಸಾವಿರ. ಮೆಗಾ ಅಂದರೆ ಹತ್ತು ಲಕ್ಷ. ಗಿಗಾ ಅಂದರೆ ನೂರು ಕೋಟಿ. ಟೆರಾ ಅಂದರೆ ಲಕ್ಷ ಕೋಟಿ. ಯಾವುದೂ ನಮ್ಮ ಮೆಟ್ಟಿಲ ಮೇಲೆ ಕಾಲಿಡುವುದಿಲ್ಲ, ನಡುವೆ ಎಲ್ಲೋ ಬೀಳುತ್ತದೆ. ಮಿಲಿಯನ್, ಬಿಲಿಯನ್ ಅನ್ನುವವರಿಗೆ ಮೆಗಾ, ಗಿಗಾ ತಮ್ಮ ಮನೆಯ ಮೆಟ್ಟಿಲು. ನಮಗೆ ಪ್ರತಿ ಸಲ ಅನುವಾದ.

ಕೆಳಗಿನ ಕಡೆ ಇನ್ನೂ ಕಷ್ಟ. ಕಾಲು, ಅರೆ, ವೀಸ ಇದ್ದವು. ವೀಸ ಅಂದರೆ ಹದಿನಾರರಲ್ಲಿ ಒಂದು. ಸಾವಿರದಲ್ಲಿ ಒಂದು, ಹತ್ತು ಲಕ್ಷದಲ್ಲಿ ಒಂದು ಅನ್ನುವುದಕ್ಕೆ ದಿನದ ಮಾತಿನಲ್ಲಿ ಒಂದು ಪದವೂ ಇಲ್ಲ. ಅಕ್ಕನ ಅಪ್ಪಾಜಿ ಎಡವಿದ್ದು ಅಲ್ಲೇ. ಅವರ ಅಡತಿ ಲೆಕ್ಕವೆಲ್ಲ ಒಂದಕ್ಕಿಂತ ಮೇಲಿನದು. ಒಂದಕ್ಕಿಂತ ಕೆಳಗೆ, ಅಷ್ಟು ಆಳಕ್ಕೆ, ಅವರು ಇಳಿದದ್ದೇ ಇಲ್ಲ.

ಭೀಮಾ ದಂಡಿ

ಯಪ್ಪಾ, ಜಿಬಿ ಜಿಬಿ ಅಂತ ದಿನಾ ರೀಚಾರ್ಜ್ ಮಾಡ್ತೀನಿ. ನೂರು ಕೋಟಿ ಅಂತ ಇವತ್ತು ಗೊತ್ತಾಯ್ತು.

ಆಳಂದ ಕನ್ನಡತಿ

ಬರವಣಿಗೆದೂ ತಪ್ಪದ. ಕನ್ನಡದಾಗ 'ಮೀ' ಅಂದ್ರ ಮೀಟರ್, 'ಮಿ' ಅಂದ್ರ ಮಿಲಿ. ಒಂದು ದೀರ್ಘದ ಮ್ಯಾಲ ಎಲ್ಲಾ ನಿಂತದ. ಮಿ.ಮೀ. ಬರಿಯೋವಾಗ ಎಷ್ಟು ಮಂದಿ ಮೀ.ಮಿ. ಬರೀತಾರ ನೋಡ್ರಿ. ಅದಕ್ಕಿಂತ ಕೆಟ್ಟದ್ದು ಮಿಲಿ ಮತ್ತ ಮಿಲಿಯನ್. ಒಂದು ಸಾವಿರದಾಗ ಒಂದು ಪಾಲು, ಇನ್ನೊಂದು ಹತ್ತು ಲಕ್ಷ. ಎರಡಕ್ಕೂ 'ಮಿ.' ಅಂತ ಚುಕ್ಕಿ ಇಟ್ಟು ಬರದ್ರ ಓದವರು ಏನ್ ತಿಳಕೋಬೇಕು? ಅನುವಾದ ಮಾಡೋವಾಗ ನಾ ಇದನ್ನ ಎಂದೂ ಮೊಟಕು ಮಾಡಂಗಿಲ್ಲ, ಪೂರ್ತಿ ಬರೀತೀನಿ. ಮಿಲಿಯನ್ನಿಗಿ 'ಹತ್ತು ಲಕ್ಷ' ಅಂತೇ ಬರೀತೀನಿ.

ಸುರಪುರದವ, ಈಗ ಬೆಂಗಳೂರು

ಇಂಗ್ಲಿಷ್ ಬರಹದಲ್ಲೂ ಅಷ್ಟೇ. ಸಣ್ಣ ಎಂ ಮಿಲಿ, ದೊಡ್ಡ ಎಂ ಮೆಗಾ. ನಡುವೆ ನೂರು ಕೋಟಿ ಪಟ್ಟು ಅಂತರ. ಅದೇ ಥರ ಸಣ್ಣ ಬಿ ಅಂದರೆ ಬಿಟ್, ದೊಡ್ಡ ಬಿ ಅಂದರೆ ಬೈಟ್. "ನೂರು ಎಂಬಿ ಸ್ಪೀಡ್ ಅಂತ ಹಾಕಿಸಿಕೊಂಡೆ, ಹನ್ನೆರಡೇ ಬರುತ್ತಿದೆ, ಮೋಸ" ಅಂತ ನಮ್ಮಣ್ಣ ಜಗಳಕ್ಕೆ ಹೋಗಿದ್ದ. ಮೋಸ ಅಲ್ಲ. ಮಾರುವುದು ಮೆಗಾಬಿಟ್‌ನಲ್ಲಿ, ಮೊಬೈಲ್ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್, ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ.

ಭೀಮಾ ದಂಡಿ

ಮತ್ತ ಒಂದು ಟಿಬಿ ಹಾರ್ಡ್ ಡಿಸ್ಕ್ ತಂದ್ರ 931 ತೋರಿಸ್ತದಲ್ಲ, ಅದು?

ಸುರಪುರದವ, ಈಗ ಬೆಂಗಳೂರು

ಅದೂ ಮೋಸ ಅಲ್ಲ. ಮಾಡುವವರು ಕಿಲೋ ಅಂದರೆ 1000 ಅಂತ ಎಣಿಸುತ್ತಾರೆ, ಕಂಪ್ಯೂಟರ್ ಅದನ್ನೇ 1024 ಅಂತ ಎಣಿಸಿ ತೋರಿಸುತ್ತದೆ. ಅದಕ್ಕೆ ಕಿಬಿ, ಮೆಬಿ, ಗಿಬಿ ಅಂತ ಬೇರೆ ಹೆಸರೇ 1998ರಲ್ಲಿ ಕೊಟ್ಟರು. ಬಾಯಿಗೆ ಬರಲಿಲ್ಲ.

ಹುಮನಾಬಾದ್ ರೋಡ್

ವಿಷಯ ಬಿಟ್ಟು ಹೊಂಟದ. ಅಕ್ಕಾ, ಇವತ್ತು ಗಂಜಿನಾಗ ತೊಗರಿ ಹೆಂಗ ನಡದದ?

ಅಫಜಲಪುರ ನೀರು

ವಿಷಯ ಬಿಟ್ಟಿಲ್ಲ, ನೀರಿನ ಮಾತಿಲ್ಲದೆ ಈ ಚರ್ಚಾ ಮುಗಿಯಂಗೂ ಇಲ್ಲ. ಭೀಮಾ ತುಂಬಿದಾಗ "ಉಜನಿ ಡ್ಯಾಮಿನಿಂದ ಇಷ್ಟು ಕ್ಯೂಸೆಕ್ ಬಿಟ್ಟಾರ" ಅಂತ ಸುದ್ದಿ ಬರ್ತದ. ನದಿ ದಂಡಿ ಮಂದಿ ಜೀವಾ ಹಿಡಕೊಂಡು ಕೇಳ್ತಾರ. ಕ್ಯೂಸೆಕ್ ಅಂದ್ರ ಏನು ಅಂತ ಕೇಳಿದ್ರ ಹತ್ತರಾಗ ಒಬ್ಬ ಹೇಳಂಗಿಲ್ಲ.

ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗಿ ಒಂದು ಘನ ಅಡಿ, ಅಂದಾಜು 28 ಲೀಟರ್. ಎರಡು ಕೊಡ ತುಂಬ ಅನ್ನಕೊಳ್ರಿ. 'ಸೆಕೆಂಡಿಗಿ' ಅನ್ನೋದು ಸುದ್ದಿಯಾಗ ಎಂದೂ ಬರಂಗಿಲ್ಲ, ಅದಕ್ಕ ಮಂದಿ ಇದು ಒಟ್ಟು ನೀರು ಅಂತ ತಿಳೀತಾರ. ಟಿಎಂಸಿ ಒಟ್ಟು ನೀರು. ನೂರು ಕೋಟಿ ಘನ ಅಡಿ. ಸುರಪುರದ ಅಣ್ಣ ಹೇಳಿದ ಗಿಗಾ ಅದೇ ಅಲ್ಲೇನು? 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರದ್ರ ಒಂದು ಟಿಎಂಸಿ. ಈ ಒಂದು ಅಂಕಿ ಗೋಡಿ ಮ್ಯಾಲ ಬರದಿಡ್ರಿ, ಪೇಪರ್ ಓದೋವಾಗ ಕೆಲಸಕ್ಕ ಬರ್ತದ.

ಮಳಿದು ಇನ್ನೂ ಮಜಾ ಅದ. "25 ಮಿ.ಮೀ. ಮಳಿ" ಅಂದ್ರ ನಮ್ಮಪ್ಪ "ಮಿಲಿಮೀಟರ್ ಅಂದ್ರ ಎಷ್ಟಿದ್ದೀತು, ಇರಿವಿ ಕಾಲು ತೊಯ್ಯಂಗಿಲ್ಲ" ಅಂತಿದ್ದ. ಒಂದು ಚದರ ಮೀಟರ್ ಮ್ಯಾಲ ಒಂದು ಮಿಲಿಮೀಟರ್ ನೀರು ನಿಂತ್ರ ಅದು ಒಂದು ಲೀಟರ್. ಎಕರೆಗಿ 4047 ಚದರ ಮೀಟರ್. ಅಂದ್ರ ಒಂದಿಂಚು ಮಳಿ ಬಿದ್ರ ಒಂದು ಎಕರೆ ಮ್ಯಾಲ ಒಂದು ಲಕ್ಷ ಲೀಟರ್ ಮ್ಯಾಲ ನೀರು! ಐದು ಸಾವಿರ ಲೀಟರ್ ಟ್ಯಾಂಕರ್ ಇಪ್ಪತ್ತು. ಹಿಂಗ ಹೇಳಿದ ದಿನ ನಮ್ಮಪ್ಪ ಮುಗಲ ಕಡಿ ನೋಡಿ ಕೈ ಮುಗದ.

ಔರಾದ್ ಗಡಿ ರೈತ

ಟ್ಯಾಂಕರ್ ಲೆಕ್ಕ ಭಾಳ ಛಲೋ ಅದ. ನಮ್ಮೂರಾಗ ಹೇಳ್ತೀನಿ.

ಜಿಲ್ಲಾ ನರ್ಸ್ ಅಕ್ಕ

ರಾತ್ರಿ ಪಾಳಿ ಮುಗಿಸಿ ಓದ್ಲಾಕತ್ತೀನಿ. ಔಷಧದಾಗ ಎರಡು ಮಾತು ಹೇಳಲೇಬೇಕು.

ಕೂಸಿನ ಜ್ವರದ ಔಷಧ. ಪ್ಯಾರಾಸಿಟಮಾಲ್ ಡ್ರಾಪ್ಸ್ ಅಂತ ಸಣ್ಣ ಬಾಟಲಿ ಬರ್ತದ, 1 ಮಿ.ಲೀ.ದಾಗ 100 ಮಿಲಿಗ್ರಾಂ. ಸಿರಪ್ ಅಂತ ದೊಡ್ಡ ಬಾಟಲಿ ಬರ್ತದ, 5 ಮಿ.ಲೀ.ದಾಗ 125 ಮಿಲಿಗ್ರಾಂ. ಅಂದ್ರ 1 ಮಿ.ಲೀ.ದಾಗ 25. ಸಣ್ಣ ಬಾಟಲಿ ನಾಕು ಪಟ್ಟು ಜೋರು! ಸಿರಪ್ ಖಾಲಿ ಆಯ್ತು ಅಂತ ಅದೇ ಐದು ಎಂಎಲ್ ಡ್ರಾಪ್ಸ್ ಹಾಕಿದ ತಾಯಂದಿರನ್ನ ನೋಡೀನಿ. ಅವರು ದಡ್ಡರಲ್ಲ. ಎಂಎಲ್ ಅಂದ್ರೂ ಎಂಜಿ ಅಂದ್ರೂ ಅವರ ಕಿವಿಗಿ ಒಂದೇ ಕೇಳ್ತದ. ಎಂಎಲ್ ಬಾಟಲಿಯಿಂದ ಎಷ್ಟು ಸುರೀಬೇಕು ಅನ್ನೋದು, ಎಂಜಿ ಅದರಾಗ ಔಷಧ ಎಷ್ಟದ ಅನ್ನೋದು. ನೀರು ಎಷ್ಟು, ಸಕ್ಕರಿ ಎಷ್ಟು ಅಂದಂಗ. ಹಿಂಗ ಹೇಳಿದ್ರ ಯಾರಿಗಾದ್ರೂ ತಿಳೀತದ.

ಇನ್ಸುಲಿನ್ ಇನ್ನೊಂದು. 40ರ ಬಾಟಲಿಗಿ (1 ಮಿ.ಲೀ.ದಾಗ 40 ಯೂನಿಟ್) 40ರ ಸಿರಿಂಜ್, ಕೆಂಪು ಮುಚ್ಚಳ. 100ರದಕ್ಕ 100ರ ಸಿರಿಂಜ್, ಕಿತ್ತಳಿ ಮುಚ್ಚಳ. ಬದಲಾಯ್ತಂದ್ರ ಎರಡೂವರೆ ಪಟ್ಟು ಹೆಚ್ಚು ಕಮ್ಮಿ. ದಯಮಾಡಿ ಮುಚ್ಚಳದ ಬಣ್ಣ, ಬಾಟಲಿ ಅಂಕಿ ಎರಡೂ ನೋಡ್ರಿ.

ಆಳಂದ ಕನ್ನಡತಿ

ಜ್ವರ ಅಂದ ಕೂಡ್ಲೆ ನೆನಪಾಯ್ತು. ಕಲಬುರಗಿ ಬಿಸಿಲು 44 ಡಿಗ್ರಿ, ಕೂಸಿನ ಜ್ವರ 101 ಡಿಗ್ರಿ. ಬಿಸಿಲು ಸೆಲ್ಸಿಯಸ್, ಜ್ವರ ಫ್ಯಾರನ್‌ಹೀಟ್. ಒಂದೇ ಮನ್ಯಾಗ ಎರಡು ಡಿಗ್ರಿ, ಯಾರೂ ಗೊಂದಲ ಆಗಂಗಿಲ್ಲ. ದಿನಾ ಮುಟ್ಟಿ ನೋಡ್ತೀವಲ್ಲ, ಅದಕ್ಕ.

ಯಾದಗಿರಿ ಮಾಸ್ತರ

ನರ್ಸ್ ಅಕ್ಕನ ನೀರು, ಸಕ್ಕರೆ ಹೋಲಿಕೆ ನಾಳೆಯೇ ತರಗತಿಯಲ್ಲಿ ಬಳಸುತ್ತೇನೆ.

ಓದಿದವರೂ ಎಡವುತ್ತಾರೆ ಅನ್ನೋದಕ್ಕೆ ನಾನು ಮಕ್ಕಳಿಗೆ ಹೇಳುವ ಘಟನೆ. 1983ರ ಜುಲೈ 23, ಕೆನಡಾದ ಒಂದು ವಿಮಾನ. ಆ ದೇಶ ಆಗಷ್ಟೇ ಮೆಟ್ರಿಕ್‌ಗೆ ಬದಲಾಗುತ್ತಿತ್ತು. ಬೇಕಾಗಿದ್ದ ಇಂಧನ 22,300 ಕಿಲೋಗ್ರಾಂ. ಲೀಟರಿನಿಂದ ತೂಕಕ್ಕೆ ಲೆಕ್ಕ ಹಾಕುವಾಗ ಪೌಂಡಿನ ಅಂಕಿ 1.77 ಬಳಸಿದರು, ಬಳಸಬೇಕಾಗಿದ್ದು ಕಿಲೋದ 0.8. ಅರ್ಧದಷ್ಟೂ ಇಂಧನ ಇಲ್ಲದೆ ಹಾರಿತು. 41,000 ಅಡಿ ಮೇಲೆ ಎಂಜಿನ್ ನಿಂತವು. ಗಾಳಿಯಲ್ಲಿ ತೇಲಿಸಿಕೊಂಡು ಬಂದು ಗಿಮ್ಲಿ ಅನ್ನುವ ಹಳೇ ವಿಮಾನ ಪಟ್ಟಿಯಲ್ಲಿ ಇಳಿಸಿದರು, ಯಾರೂ ಸಾಯಲಿಲ್ಲ. 1999ರಲ್ಲಿ ಮಂಗಳ ಗ್ರಹಕ್ಕೆ ಹೋದ ನಾಸಾ ನೌಕೆಗೆ ಆ ಅದೃಷ್ಟವೂ ಇರಲಿಲ್ಲ. ಒಂದು ತಂಡ ಪೌಂಡಿನಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಅಂತ ಓದಿತು.

ಹುಮನಾಬಾದ್ ರೋಡ್

ನಾಸಾದವರೇ? ಆಯ್ತು, ಓದಿದ ಮಂದಿ ಕಮ್ಮಿ ಅಂದಿದ್ದು ವಾಪಸ್ ತಗೋತೀನಿ.

ಬೀದರ್ ಅಕ್ಕಸಾಲಿ ಮನಿ

ಅಕ್ಕಾವ್ರೆ, ನೀವು ಕೇಳಿದ್ದು ಅಪ್ಪಾಜಿಗಿ ಹೆಂಗ ಹೇಳಬೇಕು ಅಂತ. ಎಲ್ಲಾರೂ ಕಾರಣ ಹೇಳ್ಯಾರ, ದಾರಿ ಯಾರೂ ಹೇಳಿಲ್ಲ. ನಾ ಹೇಳ್ತೀನಿ.

ಅವರ ಕಾಲದವರಿಗಿ ಮಿಲಿಗ್ರಾಂ ಅನಬ್ಯಾಡ್ರಿ, ಗುಂಜಿ ಅನ್ರಿ. ಕೆಂಪು ಬೀಜ, ಕರೀ ಚುಕ್ಕಿ, ಬಂಗಾರ ತೂಗೋದು. ಒಂದು ತೊಲಿಗಿ 12 ಮಾಸಿ, ಒಂದು ಮಾಸಿಗಿ 8 ಗುಂಜಿ, ಒಟ್ಟು 96. ಹಳೇ ತೊಲಿ 11.66 ಗ್ರಾಂ. (ಈಗ ಅಂಗಡ್ಯಾಗ ತೊಲಿ ಅಂದ್ರ 10 ಗ್ರಾಂ ಮಾಡ್ಯಾರ, ಆ ಜಗಳ ಬ್ಯಾರೆ.) 96ರಿಂದ ಭಾಗಿಸ್ರಿ, ಒಂದು ಗುಂಜಿ ಸುಮಾರು 121 ಮಿಲಿಗ್ರಾಂ ಮ್ಯಾಲ ಸ್ವಲ್ಪ. ಅಂದ್ರ ಒಂದು ಮಿಲಿಗ್ರಾಂ ಅಂದ್ರ ಗುಂಜಿ ಒಂದನ್ನ ನೂರಾ ಇಪ್ಪತ್ತೊಂದು ತುಂಡು ಮಾಡಿದ್ರಾಗ ಒಂದು ತುಂಡು. ಆ ಒಂದು ತುಂಡನ್ನ ಮತ್ತ ಸಾವಿರ ಮಾಡಿದ್ರ ಮೈಕ್ರೊ. ಅವರು ವ್ಯಾಪಾರಸ್ತರು, ಮುಂದಿಂದು ಅವರೇ ಹಾಕ್ತಾರ.

ಗಂಜ್ ಮಗಳು, ಕಲಬುರಗಿ

ಎಲ್ಲಾರಿಗೂ ಶರಣು. ಮೊನ್ನೆನೇ ಡಾಕ್ಟರಿಗಿ ಫೋನ್ ಮಾಡಿದೆ, ಅದೇ ಗುಳಿಗಿ ದಿನಾ ಒಂದರಂತ ಮತ್ತ ಸುರು ಮಾಡ್ರಿ, ಎರಡು ಎರಡು ಬ್ಯಾಡ ಅಂದ್ರು. ಆದ್ರ ಅಪ್ಪಾಜಿ ಒಪ್ಪಬೇಕಲ್ಲ.

ನಿನ್ನೆ ಸಂಜಿಕಿ ಅಂಗಳದಾಗ ಕೂಡಿಸಿಕೊಂಡು ಬೀದರ್ ಅಣ್ಣಾವ್ರು ಬರದದ್ದು ಓದಿ ಹೇಳಿದೆ. ಗುಂಜಿ ಅಂದ ಕೂಡ್ಲೆ ಮಾರಿನೇ ಬದಲಾಯ್ತು. ಸರಾಫ್ ಬಜಾರಿನಾಗ ನಮ್ಮ ಅವ್ವನ ಪಾಟ್ಲಿ ತೂಗಿಸಿದ್ದು, ಎರಡು ಗುಂಜಿ ಕಮ್ಮಿ ಬಂದಿದ್ದಕ್ಕ ಜಗಳಾಡಿದ್ದು, ಎಲ್ಲಾ ಹೇಳಿದ್ರು. ಆಮ್ಯಾಲ ಕಣ್ಣು ಮುಚ್ಚಿ ಒಂದು ನಿಮಿಷ ತುಟಿ ಅಲ್ಲಾಡಿಸಿದ್ರು. "ಹಂಗಾದ್ರ ಐವತ್ತು ಮೈಕ್ರೊ ಅಂದ್ರ ಒಂದು ಗುಂಜಿನ್ಯಾಗ ಎರಡು ಸಾವಿರದ ನಾಕುನೂರಾ ಮೂವತ್ತು ಪಾಲು ಮಾಡಿ ಒಂದು ಪಾಲು" ಅಂದ್ರು. ನಾ ಮೊಬೈಲ್ ತಗದು ಒತ್ತಿದೆ. 121.5 ಮಿಲಿಗ್ರಾಂ ಅಂದ್ರ 1,21,500 ಮೈಕ್ರೊ, ಭಾಗ 50. 2430. ಸರಿ!

"ಅದೇ ಸೊನ್ನಿ ಪಾಯಿಂಟ್ ಸೊನ್ನಿ ಐದು ಮಿಲಿನೂ ಇಷ್ಟೇ ಆಗ್ತದಲ್ಲ" ಅಂತ ಅವರೇ ಅಂದ್ರು. ನಾ ಒಂದು ಮಾತೂ ಆಡ್ಲಿಲ್ಲ. ಇವತ್ತು ಮುಂಜಾನೆ ಖಾಲಿ ಹೊಟ್ಟಿಲೆ ತಾವೇ ಪಟ್ಟಿಯಿಂದ ಒಡದು ನುಂಗ್ಯಾರ.

ಮೆಡಿಕಲ್ ಅಣ್ಣಾವ್ರೆ, ನಿಮಗ ಒಂದು ಪ್ರಶ್ನಿ ಕಳಸ್ಯಾರ: "ಔಷಧ ಗುಂಜಿನ್ಯಾಗ ಎರಡು ಸಾವಿರದ ಒಂದು ಪಾಲೂ ಇಲ್ಲಂದ್ರ, ಗುಳಿಗಿ ಕಣ್ಣಿಗಿ ಕಾಣೋ ಅಷ್ಟು ಹೆಂಗದ? ಉಳದದ್ದು ಏನು ತುಂಬ್ಯಾರ?"

ಮೆಡಿಕಲ್ ಅಂಗಡಿಯವ

ಸಂತೋಷ ಆಯ್ತು ಅಕ್ಕಾವ್ರೆ. ಸರಿಯಾಗೇ ಹಿಡದಾರ! ಉಳದದ್ದು ಸ್ಟಾರ್ಚ್, ಲ್ಯಾಕ್ಟೋಸ್ ಅಂಥಾ ಪುಡಿ; ಔಷಧ ಅಲ್ಲ. ಬರೀ ಔಷಧ ಕೊಟ್ರ ಬೆರಳಿಗಿ ಹತ್ತಂಗಿಲ್ಲ, ಕಣ್ಣಿಗೂ ಕಾಣಂಗಿಲ್ಲ, ಹೆಂಗ ನುಂಗ್ತಾರ? ಅದಕ್ಕ ಹಿಡಿಯಾಕ ಬರೋ ಹಂಗ ಗುಳಿಗಿ ಮಾಡ್ತಾರ.

ಗಂಜ್ ಮಗಳು, ಕಲಬುರಗಿ

ಓದಿ ಹೇಳಿದೆ. "ಅಂದ್ರ ನಾ ರೊಕ್ಕಾ ಕೊಡೋದು ಪುಡಿಗೋ, ಔಷಧಕ್ಕೋ, ರೇಟ್ ಯಾವುದರ ಮ್ಯಾಲ?" ಅಂತ ಕೇಳಲಾಕತ್ಯಾರ. ನಾಳೆ ತಾವೇ ನಿಮ್ಮ ಅಂಗಡಿಗಿ ಬರ್ತಾರಂತ.